‘ರೆಕಾರ್ಡಿಂಗ್ ಇದೆಯೇ?’ – ಜೇಬಿನ ರೆಕಾರ್ಡರ್‌ನೊಂದಿಗೆ ಆರು ವರ್ಷ

ಈ ಯಂತ್ರದ ಕಂಪನಿಯ ಹೆಸರನ್ನು ಬರೆಯುವುದಿಲ್ಲ. ಸಿನಿಮಾ ಬಗ್ಗೆ ಬರೆಯುವವರ ಬೆನ್ನಿಗೆ ‘ಎಷ್ಟು ಕೊಟ್ಟರಂತೆ?’ ಎಂಬ ಪ್ರಶ್ನೆ ಹೇಗೂ ಅಂಟಿಕೊಂಡೇ ಇರುತ್ತದೆ. ಒಂದು ರೆಕಾರ್ಡರ್‌ಗೋಸ್ಕರ ಅದನ್ನು ಇನ್ನೂ ದಪ್ಪ ಮಾಡಿಕೊಳ್ಳುವ ಆಸೆ ನನಗಿಲ್ಲ. ಅಂಗಿಯ ಜೇಬಿಗೆ ಹಿಡಿಯುವ, ಎರಡು ಎಎಎ ಬ್ಯಾಟರಿಯಲ್ಲಿ ನಡೆಯುವ, ಮುಂಭಾಗದಲ್ಲಿ ಕೆಂಪು ಗುಂಡಿ ಇರುವ ಸಾಧಾರಣ ದರ್ಜೆಯ ರೆಕಾರ್ಡರ್ ಎಂದರೆ ಸಾಕು. ಈ ವರ್ಗದವೆಲ್ಲ ಒಂದೇ ಮನೆಯ ಅಣ್ಣತಮ್ಮಂದಿರು.

‘ಫೋನ್ ಇರುವಾಗ ಇದೇಕೆ?’ ಎಂದು ಕೇಳುತ್ತಾರೆ. ನಾನೂ ಹಾಗೆಯೇ ಕೇಳುತ್ತಿದ್ದೆ. ಆಮೇಲೆ ಒಂದು ದಿನ ಹೊಸ ಚಿತ್ರದ ಪ್ರಚಾರಕ್ಕೆಂದು ಹೋಟೆಲ್ ಕೋಣೆಯಲ್ಲಿ ಕುಳಿತಿದ್ದ ನಟರೊಬ್ಬರ ಎಂಟು ನಿಮಿಷ ನನ್ನ ಪಾಲಿಗೆ ಬಂತು. ಅವರ ಕುರ್ಚಿಯ ಹಿಂದೆ ನಿಂತಿದ್ದ ಪಿಆರ್‌ಒ ಗಡಿಯಾರ ನೋಡುತ್ತ ಬೆರಳೆತ್ತಿ ಉಳಿದ ನಿಮಿಷಗಳನ್ನು ತೋರಿಸುತ್ತಿದ್ದರು. ಮೊದಲ ಐದು ನಿಮಿಷ ನಟರು ನನಗಿಂತ ಮೊದಲು ಬಂದವರಿಗೆಲ್ಲ ಹೇಳಿದ್ದನ್ನೇ ನನಗೂ ಹೇಳಿದರು. ಆರನೆಯ ನಿಮಿಷದಲ್ಲಿ ಏನೋ ಸಡಿಲವಾಗಿ ನಿಜವಾಗಿ ಮಾತನಾಡತೊಡಗಿದರು. ಅದೇ ಹೊತ್ತಿಗೆ ನನ್ನ ಫೋನಿಗೆ ಯಾರೋ ಕರೆ ಮಾಡಿದ್ದರು. ಶಬ್ದ ಆರಿಸಿಟ್ಟಿದ್ದರಿಂದ ನನಗೆ ತಿಳಿಯಲಿಲ್ಲ, ರೆಕಾರ್ಡಿಂಗ್ ಮಾತ್ರ ಅಲ್ಲಿಗೇ ನಿಂತಿತ್ತು. ಎಲ್ಲರಿಗೂ ಹೇಳಿದ್ದಷ್ಟೇ ನನ್ನ ಬಳಿ ಉಳಿಯಿತು. ಮರುವಾರ ಈ ಯಂತ್ರ ಕೊಂಡೆ. ಇದಕ್ಕೆ ಯಾರೂ ಕರೆ ಮಾಡುವುದಿಲ್ಲ.

ಧ್ವನಿಯ ಗುಣಮಟ್ಟ ಚೆನ್ನಾಗಿದೆ, ಆದರೆ ತಾನಾಗಿಯೇ ಅಲ್ಲ. ಧ್ವನಿಮಟ್ಟವನ್ನು ಯಂತ್ರವೇ ಹೊಂದಿಸಿಕೊಳ್ಳುವ ಆಟೊ ವ್ಯವಸ್ಥೆಯನ್ನು ನಂಬಿದರೆ, ಎದುರಿನವರು ಸುಮ್ಮನಾದ ಕೂಡಲೇ ಅದು ಕಿವಿ ಚಾಚಿ ಎಸಿಯ ಗುಂಯ್‌ಗುಡುವಿಕೆಯನ್ನೇ ದೊಡ್ಡದು ಮಾಡುತ್ತದೆ. ಮತ್ತೆ ಬಾಯಿ ತೆರೆದಾಗ ಮೊದಲ ಪದ ಒಡೆದು ಬರುತ್ತದೆ. ಕೈಯಿಂದಲೇ ಹೊಂದಿಸಿ, ಜೋರಾದ ಮಾತು ಮೈನಸ್ 12 ಡೆಸಿಬೆಲ್ ಆಸುಪಾಸಿನಲ್ಲಿ (ಯಂತ್ರದ ಮಾಪಕದಲ್ಲಿ ಸೊನ್ನೆ ಎಂದರೆ ದನಿ ಒಡೆಯುವ ಮಿತಿ) ನಿಲ್ಲುವಂತೆ ಮಾಡಿಕೊಂಡರೆ, ಯಾರಾದರೂ ಗಹಗಹಿಸಿ ನಕ್ಕರೂ ತೊಂದರೆಯಿಲ್ಲ. ಕೆಳದನಿಯ ಗದ್ದಲವನ್ನು ಸೋಸುವ ‘ಲೋ ಕಟ್’ ಸೌಲಭ್ಯವನ್ನು ನಾನು ಆಫ್ ಮಾಡಿದ್ದೇ ಇಲ್ಲ. ಆದರೆ ಇವೆಲ್ಲಕ್ಕಿಂತ ಮುಖ್ಯವಾದದ್ದು ದೂರ. ಬಾಯಿಗೂ ಮೈಕಿಗೂ ನಡುವಿನ ದೂರ ಇಮ್ಮಡಿಯಾದರೆ ಮಾತಿನ ಮಟ್ಟ ಸುಮಾರು 6 ಡೆಸಿಬೆಲ್ ಇಳಿಯುತ್ತದೆ, ಕೋಣೆಯ ಗದ್ದಲ ಇದ್ದಲ್ಲೇ ಇರುತ್ತದೆ. ಸಂಕೋಚಪಟ್ಟು ಯಂತ್ರವನ್ನು ನಮ್ಮ ಕಡೆಗೇ ಇಟ್ಟುಕೊಂಡರೆ ನಮ್ಮ ಪ್ರಶ್ನೆಗಳು ಮಾತ್ರ ಬಹಳ ಸ್ಪಷ್ಟವಾಗಿ ದಾಖಲಾಗುತ್ತವೆ.

ಒಡಲು ಪ್ಲಾಸ್ಟಿಕ್. ಕೈಯಲ್ಲಿ ಹಿಡಿದರೆ ಬೆರಳು ಜರುಗಿದ್ದೂ ಕೇಳುತ್ತದೆ. ಮೇಜಿನ ಮೇಲಿಟ್ಟರೆ ಉಂಗುರ ತೊಟ್ಟವರು ಮಾತಿಗೊಮ್ಮೆ ಮೇಜು ತಟ್ಟುತ್ತಾರೆ. ಕರವಸ್ತ್ರವನ್ನು ನಾಲ್ಕು ಮಡಿಕೆ ಮಾಡಿ ಕೆಳಗಿಡುವುದು ನನ್ನ ಉಪಾಯ. ಐದಾರು ಪತ್ರಕರ್ತರನ್ನು ಒಟ್ಟಿಗೆ ಕೂರಿಸುವ ದುಂಡುಮೇಜಿನ ಸಂದರ್ಶನಗಳಲ್ಲಿ ಎಲ್ಲರ ಕರಿ ಡಬ್ಬಿಗಳೂ ನಡುವೆ ಗುಡ್ಡೆ ಬೀಳುವುದರಿಂದ ನನ್ನದಕ್ಕೆ ಹಳದಿ ಟೇಪು ಸುತ್ತಿದ್ದೇನೆ.

ಈಗ ದೊಡ್ಡ ದೂರು. ಮಾತು ಕೇಳಿದಾಗ ಮಾತ್ರ ತಾನೇ ಎದ್ದು ದಾಖಲಿಸಿ, ಮೌನವಾದಾಗ ಮಲಗುವ ಸೌಲಭ್ಯವೊಂದು ಇದರಲ್ಲಿದೆ. ಕಾರ್ಡಿನ ಜಾಗ ಉಳಿಯುತ್ತದೆ, ಬೆರಳಚ್ಚು ಮಾಡುವಾಗ ಸಮಯ ಉಳಿಯುತ್ತದೆ ಎಂಬುದು ಅದರ ಆಮಿಷ. ಒಂದು ಗಂಟೆಯ ಸಂದರ್ಶನವನ್ನು ಅಕ್ಷರಕ್ಕಿಳಿಸಲು ನಾಲ್ಕು ಗಂಟೆ ಹಿಡಿಯುವ ನನ್ನಂಥವರಿಗೆ ಆಮಿಷ ಸಣ್ಣದೇನಲ್ಲ. ಹಿರಿಯ ಸಂಗೀತ ನಿರ್ದೇಶಕರೊಬ್ಬರ ಜೊತೆ ಕುಳಿತಾಗ ಅದನ್ನು ಚಾಲೂ ಮಾಡಿದ್ದೆ. ಅರ್ಧದಲ್ಲೇ ಬಿಟ್ಟುಬಂದ ಚಿತ್ರವೊಂದರ ಬಗ್ಗೆ, ಹೊರಬರುವಾಗ ಮನಸ್ಸಿನಲ್ಲಿ ಏನಿತ್ತು ಎಂದು ಕೇಳಿದೆ. ಅವರು ಕಿಟಕಿಯ ಕಡೆ ನೋಡಿದರು. ನಂತರ ಎರಡೇ ಪದ ಹೇಳಿದರು.

ರಾತ್ರಿ ಕೇಳಿದರೆ ನನ್ನ ಪ್ರಶ್ನೆ ಮುಗಿಯುವುದೇ ತಡ, ತಟ್ಟನೆ ಉತ್ತರ: ‘ಸಮಾಧಾನ ಇತ್ತು.’ ಹಾಗೆಯೇ ಟೈಪ್ ಮಾಡಿದೆ. ಆಮೇಲೆ ನೋಟ್‌ಬುಕ್ ತೆರೆದಾಗ ಅದೇ ಜಾಗದಲ್ಲಿ ನನ್ನದೇ ಕಾಗೆಕಾಲು ಅಕ್ಷರ: ‘ಕಿಟಕಿ. ತುಂಬ ಹೊತ್ತು.’ ಸಮಾಧಾನ ಇದ್ದವರು ತುಂಬ ಹೊತ್ತು ಕಿಟಕಿ ನೋಡುವುದೇಕೆ? ಬೆಳಿಗ್ಗೆ ಫೋನ್ ಮಾಡಿ ಓದಿ ಹೇಳಿದೆ. ‘ಅಸಮಾಧಾನ ಅಂದಿದ್ದೆನಲ್ಲ’ ಎಂದರು, ಅಷ್ಟೇ ಮೆತ್ತಗೆ. ಯಂತ್ರ ಎಚ್ಚರಗೊಳ್ಳುವಷ್ಟರಲ್ಲಿ ‘ಅ’ ದಾಟಿಹೋಗಿತ್ತು, ಅದರ ಹಿಂದಿನ ಮೌನವಂತೂ ದಾಖಲೆಯಲ್ಲೇ ಇರಲಿಲ್ಲ. ಒಂದಕ್ಷರ ಬಿದ್ದುಹೋದರೆ ಅರ್ಥ ತಲೆಕೆಳಗಾಗುವ ಭಾಷೆಯಲ್ಲಿ ಕೆಲಸ ಮಾಡುವವರು ಈ ಸೌಲಭ್ಯವನ್ನು ಮೊದಲ ದಿನವೇ ಆಫ್ ಮಾಡಿಬಿಡಿ.

ಉಳಿತಾಯದ ವಾದವೂ ನಿಲ್ಲುವುದಿಲ್ಲ. ಧ್ವನಿಯನ್ನು ಹಿಂಡಿ ಚಿಕ್ಕದು ಮಾಡುವ 128 ಕೆಬಿಪಿಎಸ್ ಎಂಪಿ3ಯಲ್ಲಿ ಒಂದು ಗಂಟೆಯ ಮಾತು 60 ಎಂಬಿಯೂ ಆಗುವುದಿಲ್ಲ. ಹಿಂಡದೆ ಇಡುವ, ಸಿಡಿ ಗುಣಮಟ್ಟದ ವೇವ್ ಫೈಲಿಗೆ ಸುಮಾರು 600 ಎಂಬಿ ಬೇಕು. ಅಚ್ಚಿಗೆ ಬರೆಯುವವರಿಗೆ ಎಂಪಿ3 ಧಾರಾಳ. 1969ರಲ್ಲಿ ಜಪಾನಿನ ಒಲಿಂಪಸ್ ಕಂಪನಿ ತಂದ ಪುಟ್ಟ ಟೇಪು, ಮೈಕ್ರೊಕ್ಯಾಸೆಟ್ ಇಟ್ಟುಕೊಂಡು ಕೆಲಸ ಕಲಿತ ಹಿರಿಯರು, 60 ನಿಮಿಷದ ಕ್ಯಾಸೆಟ್ಟಾದರೆ ಅರ್ಧ ಗಂಟೆಗೊಮ್ಮೆ ಮಾತು ನಿಲ್ಲಿಸಿ ಮಗ್ಗುಲು ಬದಲಿಸುತ್ತಿದ್ದರು. ಅವರ ಮುಂದೆ ಕುಳಿತು ನಾವು ಜಾಗದ ಬಗ್ಗೆ ಗೊಣಗುವುದು ಶೋಭಿಸುವುದಿಲ್ಲ.

ಸ್ವತಂತ್ರ ಪತ್ರಕರ್ತರಿಗೆ ಇದು ಏಕೆ ಬೇಕು ಎಂಬುದು ಯಂತ್ರದ ಪೆಟ್ಟಿಗೆಯ ಮೇಲೆ ಬರೆದಿರುವುದಿಲ್ಲ. ಕಾಯಂ ನೌಕರಿಯಲ್ಲಿರುವವರ ಬೆನ್ನಿಗೆ ಸಂಸ್ಥೆ, ಸಂಪಾದಕರು, ಅಗತ್ಯ ಬಿದ್ದರೆ ವಕೀಲರು ಇರುತ್ತಾರೆ. ನನ್ನ ಬೆನ್ನಿಗೆ ಇರುವುದು ಕುರ್ಚಿ ಮಾತ್ರ. ಲೇಖನ ಪ್ರಕಟವಾದ ರಾತ್ರಿ ನಟರೊಬ್ಬರ ಕಡೆಯವರು ‘ಅವರು ಹಾಗೆ ಹೇಳಿಯೇ ಇಲ್ಲ’ ಎಂದು ಗದ್ದಲ ಎಬ್ಬಿಸಿದಾಗ ಪತ್ರಿಕೆಯ ಡೆಸ್ಕಿನಿಂದ ಕರೆ ಬಂತು. ಏನಾಯಿತು ಎಂದು ಕೇಳಲಿಲ್ಲ, ನೇರವಾಗಿ ‘ರೆಕಾರ್ಡಿಂಗ್ ಇದೆಯೇ?’ ಎಂದರು. ನಲವತ್ತು ಸೆಕೆಂಡಿನ ತುಣುಕು ಕಳಿಸಿದೆ. ಹತ್ತು ನಿಮಿಷಕ್ಕೆ ‘ಸರಿ’ ಎಂಬ ಒಂದು ಪದ ಬಂತು. ಆ ಲೇಖನದ ಸಂಭಾವನೆ ಬರಲು ನಾಲ್ಕು ತಿಂಗಳು ಹಿಡಿಯಿತು. ಅದಕ್ಕೆ ಈ ಯಂತ್ರದಲ್ಲಿ ಯಾವ ಗುಂಡಿಯೂ ಇಲ್ಲ.

ಹಳೆಯ ಫೈಲುಗಳನ್ನು ಅಳಿಸಬೇಡಿ. ತಾರೀಕು ಮತ್ತು ಹೆಸರು ಹಾಕಿ ಎರಡು ಕಡೆ ಇಟ್ಟುಕೊಳ್ಳಿ. ಒಂದು ಪುಟದ ಸಂದರ್ಶನಕ್ಕೆ ಬಳಸಿ ಉಳಿದ ಮಾತು ಮುಂದೆ ವ್ಯಕ್ತಿಚಿತ್ರವಾಗುತ್ತದೆ, ಕೆಲವೊಮ್ಮೆ ಶ್ರದ್ಧಾಂಜಲಿ ಬರಹವಾಗುತ್ತದೆ. ಸಾವಿನ ಸುದ್ದಿ ಬಂದ ಸಂಜೆ ಗಡುವಿನ ಎದುರು ಕುಳಿತು ಅದೇ ದನಿ ಮತ್ತೆ ಕೇಳಿಸಿಕೊಳ್ಳುವುದು ಈ ಕೆಲಸದ ಕಷ್ಟದ ಭಾಗ. ಹಾಗೆ ಒಮ್ಮೆ ಕೇಳುವಾಗ ನನಗೆ ಮೊದಲು ಕಿರಿಕಿರಿಯಾದದ್ದು ನನ್ನದೇ ದನಿ. ಅವರು ಉಸಿರು ಎಳೆದುಕೊಂಡು ಏನೋ ಹೇಳಲು ಹೊರಟಲ್ಲೆಲ್ಲ ನಾನು ಮುಂದಿನ ಪ್ರಶ್ನೆ ತೂರಿಸಿದ್ದೆ.

ವರ್ಷಕ್ಕೆ ಎರಡು ಸಂದರ್ಶನ ಮಾಡುವವರಿಗೆ ಫೋನೇ ಸಾಕು, ಏರೋಪ್ಲೇನ್ ಮೋಡ್‌ಗೆ ಹಾಕಿದರಾಯಿತು. ಸಂದರ್ಶನಗಳಿಂದಲೇ ಹೊಟ್ಟೆ ಹೊರೆಯುವವರು ಇದನ್ನು ಕೊಳ್ಳಿ. ಪುನಃ ಚಾರ್ಜ್ ಮಾಡುವ ಬ್ಯಾಟರಿ ಹಾಕುವವರು ಮೆನುವಿನಲ್ಲಿ ಅದನ್ನು ನಮೂದಿಸಿ; ಅವು 1.5 ಅಲ್ಲ, 1.2 ವೋಲ್ಟ್ ಕೊಡುವುದರಿಂದ ಇಲ್ಲದಿದ್ದರೆ ಬ್ಯಾಟರಿಯ ಚಿಹ್ನೆ ಸುಳ್ಳು ಹೇಳುತ್ತದೆ. ನನ್ನ ಯಂತ್ರದ ಬ್ಯಾಟರಿ ಮುಚ್ಚಳದ ಕೊಂಡಿ ಕಳೆದ ವರ್ಷ ಮುರಿಯಿತು. ಹಳದಿ ಟೇಪು ಈಗ ಅದನ್ನೂ ಹಿಡಿದುಕೊಂಡಿದೆ.