ವಿಂಡೋಸ್ 98 ಹಾಕುವ ಮುನ್ನ ಡಿಸ್ಕ್ ಮೇಲಿನ ಲೇಬಲ್ ಓದಿ: 137 ಜಿಬಿ ದಾಟಿದರೆ ಡೇಟಾ ಹೋಗುತ್ತದೆ

ಪೆಂಟಿಯಮ್ 3 ಕಾಲದ ಯಂತ್ರ, 160 ಜಿಬಿಯ ಐಡಿಇ ಡಿಸ್ಕ್, ವಿಂಡೋಸ್ 98 ಸೆಕೆಂಡ್ ಎಡಿಷನ್. ಈ ಮೂರೂ ಸೇರಿದಾಗ ಇನ್‌ಸ್ಟಾಲೇಷನ್ ಎಲ್ಲೂ ತಡವರಿಸುವುದಿಲ್ಲ. ಪಾರ್ಟಿಶನ್ ಆಗುತ್ತದೆ, ಫಾರ್ಮ್ಯಾಟ್ ಮುಗಿಯುತ್ತದೆ, ಡ್ರೈವರ್‌ಗಳು ಕೂರುತ್ತವೆ, ತಿಂಗಳುಗಟ್ಟಲೆ ಯಾವ ತಕರಾರೂ ಇರುವುದಿಲ್ಲ. ಆಮೇಲೊಂದು ದಿನ ದೊಡ್ಡ ಫೋಲ್ಡರ್ ಒಂದನ್ನು ಕಾಪಿ ಮಾಡಿ ಯಂತ್ರ ಆರಿಸಿ ಮತ್ತೆ ಹಾಕಿದರೆ ಬೂಟ್ ಆಗುವುದಿಲ್ಲ. ಪಾರ್ಟಿಶನ್ನೇ ಕಾಣುವುದಿಲ್ಲ. ಡಿಸ್ಕ್ ಕೆಟ್ಟಿತು ಅನಿಸುವುದು ಸಹಜ. ಆದರೆ ಡಿಸ್ಕ್ ಗಟ್ಟಿಮುಟ್ಟಾಗಿಯೇ ಇರುತ್ತದೆ. ವಿಂಡೋಸೇ ಅದರ ಮೊದಲ ಸೆಕ್ಟರ್‌ಗಳ (ಡಿಸ್ಕಿನ 512 ಬೈಟಿನ ತುಣುಕುಗಳ) ಮೇಲೆ ನಿಮ್ಮ ಫೈಲನ್ನು ಬರೆದಿರುತ್ತದೆ.

ಕಾರಣ ಇದು. ವಿಂಡೋಸ್ 98ರ ಡಿಸ್ಕ್ ಡ್ರೈವರ್ ಇಎಸ್‌ಡಿಐ_506.ಪಿಡಿಆರ್ ಸೆಕ್ಟರ್ ವಿಳಾಸಕ್ಕೆ 28 ಬಿಟ್ ಮಾತ್ರ ಬಳಸುತ್ತದೆ. 28 ಬಿಟ್‌ಗೆ 26,84,35,456 ಸೆಕ್ಟರ್, ಅಂದರೆ 512 ಬೈಟಿನ ಲೆಕ್ಕದಲ್ಲಿ 137.4 ಜಿಬಿ. ಅದರಾಚೆಯ ಸೆಕ್ಟರ್ ಕೇಳಿದರೆ ಡ್ರೈವರ್ ದೋಷ ತೋರಿಸಿ ನಿಲ್ಲುವುದಿಲ್ಲ. ಮೇಲಿನ ಬಿಟ್‌ಗಳು ಉದುರಿ ವಿಳಾಸ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. ಸೊನ್ನೆಯಲ್ಲಿರುವುದು ಪಾರ್ಟಿಶನ್ ಪಟ್ಟಿ, 63ನೇ ಸೆಕ್ಟರ್‌ನಲ್ಲಿ ಬೂಟ್ ಸೆಕ್ಟರ್, ಅದಾದ ಮೇಲೆ ಫ್ಯಾಟ್ ಕೋಷ್ಟಕ (ಯಾವ ಫೈಲ್ ಡಿಸ್ಕಿನಲ್ಲಿ ಎಲ್ಲಿದೆ ಎಂಬ ಪಟ್ಟಿ).

ಬಯಾಸ್ (ಯಂತ್ರ ಹಾಕಿದೊಡನೆ ಡಿಸ್ಕ್ ಗುರುತಿಸುವ, ಮದರ್‌ಬೋರ್ಡಿನ ತಂತ್ರಾಂಶ) ಹೊಸದಾಗಿದ್ದಷ್ಟೂ ಅಪಾಯ ಹೆಚ್ಚು ಎಂಬುದು ಬಹಳ ಜನರಿಗೆ ಹೊಳೆಯುವುದಿಲ್ಲ. ಹಳೆಯ ಬಯಾಸ್ 137 ಜಿಬಿ ಮಾತ್ರ ತೋರಿಸಿದರೆ ಪಾರ್ಟಿಶನ್ ಅಷ್ಟಕ್ಕೇ ನಿಲ್ಲುತ್ತದೆ, ಬಚಾವ್. 48 ಬಿಟ್ ವಿಳಾಸ ಗೊತ್ತಿರುವ ಬಯಾಸ್ ಪೂರ್ತಿ 160 ಜಿಬಿ ತೋರಿಸುತ್ತದೆ. ಎಫ್‌ಡಿಸ್ಕ್ (ಪಾರ್ಟಿಶನ್ ಮಾಡುವ ಪ್ರೋಗ್ರಾಂ) ಮತ್ತು ಫಾರ್ಮ್ಯಾಟ್ ಬಯಾಸ್ ಮೂಲಕವೇ ಕೆಲಸ ಮಾಡುವುದರಿಂದ ಅವೂ ಸುಸೂತ್ರ. ವಿಂಡೋಸ್ ಎದ್ದು ತನ್ನ ಡ್ರೈವರ್‌ಗೆ ಡಿಸ್ಕ್ ಒಪ್ಪಿಸಿದ ಮೇಲೆಯೇ ಗಂಡಾಂತರ. ಡಿಸ್ಕ್ ಪೂರ್ತಿ ತುಂಬಲೇಬೇಕೆಂದೂ ಇಲ್ಲ: ಮುಂದಿನ ಖಾಲಿ ಜಾಗವನ್ನು ಎಲ್ಲಿಂದ ಹುಡುಕಬೇಕೆಂಬ ಗುರುತನ್ನು ವಿಂಡೋಸ್ 98ರ ಫೈಲ್ ವ್ಯವಸ್ಥೆಯಾದ ಫ್ಯಾಟ್32 ಇಟ್ಟುಕೊಳ್ಳುತ್ತದೆ. ಹಳೆಯದನ್ನು ಅಳಿಸುತ್ತಾ ಹೊಸದನ್ನು ಹಾಕುತ್ತಾ ಹೋದರೂ ಬರವಣಿಗೆ ಗಡಿಯತ್ತ ಸರಿಯುತ್ತಿರಬಹುದು.

ಆದ್ದರಿಂದ ಮೊದಲು ಡಿಸ್ಕ್ ಮೇಲಿನ ಲೇಬಲ್‌ನಲ್ಲಿ ಎಲ್‌ಬಿಎ ಸಂಖ್ಯೆ (ಒಟ್ಟು ಸೆಕ್ಟರ್‌ಗಳ ಲೆಕ್ಕ) ನೋಡಿ. 160 ಜಿಬಿಯದರಲ್ಲಿ ಸಾಮಾನ್ಯವಾಗಿ 312581808 ಎಂದಿರುತ್ತದೆ. 268435456ಕ್ಕಿಂತ ಹೆಚ್ಚಿದ್ದರೆ ಆ ಡಿಸ್ಕನ್ನು ಹಾಗೆಯೇ ಬಳಸಬೇಡಿ. 120 ಜಿಬಿ ಅಥವಾ ಅದಕ್ಕಿಂತ ಚಿಕ್ಕ ಡಿಸ್ಕ್ ಸಿಕ್ಕರೆ ಅದೇ ಉತ್ತಮ. ಸಿಗದಿದ್ದರೆ ಲಿನಕ್ಸ್ ಇರುವ ಯಂತ್ರದ ಮದರ್‌ಬೋರ್ಡ್‌ಗೆ ಡಿಸ್ಕನ್ನು ನೇರವಾಗಿ ಜೋಡಿಸಿ (ಯುಎಸ್‌ಬಿ ಅಡಾಪ್ಟರ್‌ಗಳಲ್ಲಿ ಈ ಆದೇಶ ಹಲವು ಸಲ ದಾಟುವುದಿಲ್ಲ), ಲಿನಕ್ಸ್‌ನ ಡಿಸ್ಕ್ ಪ್ರೋಗ್ರಾಂ ಎಚ್‌ಡಿಪಾರ್ಮ್‌ನಿಂದ ಕಾಣುವ ಸೆಕ್ಟರ್ ಸಂಖ್ಯೆಯನ್ನು 234441648ಕ್ಕೆ ಕಾಯಂ ಇಳಿಸಿ, ಪವರ್ ಪೂರ್ತಿ ತೆಗೆದು ಹಾಕಿ. ಡಿಸ್ಕ್ ಇನ್ನು ಮುಂದೆ ತಾನು 120 ಜಿಬಿ ಎಂದೇ ಹೇಳಿಕೊಳ್ಳುತ್ತದೆ. ಇದನ್ನು ಪಾರ್ಟಿಶನ್ ಮಾಡುವ ಮುಂಚೆಯೇ ಮಾಡಬೇಕು. ಪಾರ್ಟಿಶನ್‌ಗಳನ್ನು ಗಡಿಯೊಳಗೆ ನಿಲ್ಲಿಸಿ ಉಳಿದ ಜಾಗ ಖಾಲಿ ಬಿಡುವುದೂ ನಡೆಯುತ್ತದೆ. ಆದರೆ ಮುಂದೆ ಯಾರೋ ಆ ಜಾಗ ಕಂಡು ಅಲ್ಲೊಂದು ಪಾರ್ಟಿಶನ್ ಹಾಕಿದರೆ ಮತ್ತದೇ ಕಥೆ.

ಎಫ್‌ಡಿಸ್ಕ್ ತೋರಿಸುವ ಗಾತ್ರವನ್ನೂ ನಂಬಬೇಡಿ. ವಿಂಡೋಸ್ 98ರ ಮೂಲ ಎಫ್‌ಡಿಸ್ಕ್ 64 ಜಿಬಿ ದಾಟಿದ ಡಿಸ್ಕನ್ನು ತಪ್ಪಾಗಿ ಅಳೆಯುತ್ತದೆ: 80 ಜಿಬಿ ಡಿಸ್ಕ್ ಸುಮಾರು 10 ಜಿಬಿಯಂತೆ ಕಾಣುತ್ತದೆ. ಇದಕ್ಕೆ ತಿದ್ದಿದ ಎಫ್‌ಡಿಸ್ಕ್ ಬಂದಿದೆ, ಅದನ್ನೇ ಬಳಸಿ.

2001ರ ಮೂಲ ವಿಂಡೋಸ್ ಎಕ್ಸ್‌ಪಿಗೂ ಇದೇ ಮಿತಿ. ಸರ್ವಿಸ್ ಪ್ಯಾಕ್ 1 ಅಥವಾ ಮುಂದಿನದು ಸೇರಿರುವ ಸಿಡಿಯಿಂದಲೇ ಇನ್‌ಸ್ಟಾಲ್ ಮಾಡಿ. ವಿಂಡೋಸ್ 2000ಕ್ಕೆ ಸರ್ವಿಸ್ ಪ್ಯಾಕ್ 3 ಜೊತೆಗೆ ರಿಜಿಸ್ಟ್ರಿಯಲ್ಲಿ (ವಿಂಡೋಸ್ ಸೆಟ್ಟಿಂಗ್‌ಗಳ ಕಣಜ) ಎನೇಬಲ್‌ಬಿಗ್‌ಎಲ್‌ಬಿಎ ಎಂಬ ಸೆಟ್ಟಿಂಗ್ 1 ಆಗಿರಬೇಕು.

ಈಗಾಗಲೇ ಅನಾಹುತ ಆಗಿದ್ದರೆ ವಿಂಡೋಸ್‌ನ ಡಿಸ್ಕ್ ಪರೀಕ್ಷಕ ಸ್ಕ್ಯಾನ್‌ಡಿಸ್ಕ್ ಓಡಿಸಲೇಬೇಡಿ. ಅದು ರಿಪೇರಿ ಎಂದು ಬರೆದದ್ದೆಲ್ಲ ಉಳಿದ ಕುರುಹನ್ನೂ ಅಳಿಸುತ್ತದೆ. 127.5 ಜಿಬಿಗಿಂತ ದೊಡ್ಡ ಫ್ಯಾಟ್32 ಪಾರ್ಟಿಶನ್ ನಿಭಾಯಿಸುವ ಶಕ್ತಿಯೂ ಅದಕ್ಕಿಲ್ಲ. ಮರು ಫಾರ್ಮ್ಯಾಟ್ ಕೂಡ ಬೇಡ. ಯಂತ್ರ ಆರಿಸಿ, ಡಿಸ್ಕನ್ನು 48 ಬಿಟ್ ಗೊತ್ತಿರುವ ಯಂತ್ರಕ್ಕೆ ಹಾಕಿ, ಡಿಡಿರೆಸ್ಕ್ಯೂ ಎಂಬ ಪ್ರೋಗ್ರಾಂನಿಂದ ಪೂರ್ತಿ ಇಮೇಜ್ (ಡಿಸ್ಕಿನ ಯಥಾಪ್ರತಿ) ತೆಗೆದು ಆ ಇಮೇಜ್ ಮೇಲಷ್ಟೇ ಕೆಲಸ ಮಾಡಿ. ಫ್ಯಾಟ್ ಕೋಷ್ಟಕದ ಪ್ರತಿ ಎರಡಿರುತ್ತದೆ. 160 ಜಿಬಿಯ ಒಂದೇ ಪಾರ್ಟಿಶನ್‌ನಲ್ಲಿ, 32 ಕೆಬಿ ಕ್ಲಸ್ಟರ್ (ಫೈಲ್‌ಗೆ ಜಾಗ ಕೊಡುವ ಕನಿಷ್ಠ ತುಂಡು) ಇದ್ದರೆ, ಒಂದೊಂದೂ ಸುಮಾರು 19 ಎಂಬಿ. ಗಡಿ ದಾಟಿ ಬರೆದದ್ದು ಅದಕ್ಕಿಂತ ಕಡಿಮೆಯಿದ್ದರೆ ಈ ಎರಡರಲ್ಲಿ ಹಾಳಾದದ್ದು ಮೊದಲ ಪ್ರತಿ ಮಾತ್ರ. ಪಾರ್ಟಿಶನ್ ಮರಳಿ ಪಡೆಯುವ ಪ್ರೋಗ್ರಾಂ ಟೆಸ್ಟ್‌ಡಿಸ್ಕ್‌ನಲ್ಲಿ ಬೂಟ್ ಸೆಕ್ಟರನ್ನು ಮತ್ತೆ ಕಟ್ಟಿ, ಎರಡನೇ ಪ್ರತಿ ಹಿಡಿದು ಫೋಲ್ಡರ್‌ಗಳನ್ನು ಹೊರತೆಗೆಯುವ ಅವಕಾಶ ಇನ್ನೂ ಇರುತ್ತದೆ. ಅದಕ್ಕಿಂತ ಹೆಚ್ಚು ಬರೆದಿದ್ದರೆ ಉಳಿಯುವ ದಾರಿ ಫೋಟೋರೆಕ್, ಅಂದರೆ ಫೈಲ್‌ಗಳನ್ನು ಅವುಗಳ ಒಳಹುರುಳಿನಿಂದಲೇ ಹುಡುಕುವ ಪ್ರೋಗ್ರಾಂ. ಫೈಲ್‌ಗಳ ಹೆಸರೂ ಫೋಲ್ಡರ್‌ಗಳ ರಚನೆಯೂ ಅಲ್ಲಿ ಸಿಗುವುದಿಲ್ಲ.