ಜೆಟ್ ಮಿಲ್ಲೋ, ಸ್ಪ್ರೇ ಡ್ರೈಯರ್ರೋ: ಇನ್ಹೇಲರ್ ಪುಡಿಗೆ ಯಾವ ದಾರಿ?

ಶ್ವಾಸಕೋಶದ ಆಳಕ್ಕೆ ಇಳಿಯಬೇಕಾದ ಔಷಧದ ಕಣ ಸುಮಾರು 1ರಿಂದ 5 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್) ಇರಬೇಕು. ದಪ್ಪಗಿದ್ದರೆ ಗಂಟಲಲ್ಲೇ ಕೂರುತ್ತದೆ.

ನಿಮ್ಮ ಔಷಧ ಉಬ್ಬಸಕ್ಕೆ ಕೊಡುವ ಸಾಲ್ಬುಟಮಾಲ್, ಬುಡೆಸೊನೈಡ್‌ನಂಥದ್ದಾದರೆ ಹೆಚ್ಚು ಯೋಚಿಸಬೇಡಿ, ಜೆಟ್ ಮಿಲ್ ಸಾಕು. ಒತ್ತಡದ ಗಾಳಿಯಲ್ಲಿ ಹರಳುಗಳು ಒಂದಕ್ಕೊಂದು ಬಡಿದು ಪುಡಿಯಾಗುತ್ತವೆ. ದ್ರಾವಕ ಬೇಡ, ಖರ್ಚೂ ಕಡಿಮೆ. ತೊಂದರೆ ಶುರುವಾಗುವುದು ಆಮೇಲೆ. ಅಷ್ಟು ನುಣ್ಣನೆಯ ಪುಡಿ ಮುದ್ದೆಗಟ್ಟುತ್ತದೆ, ಮೈಕ್ರೋಗ್ರಾಂ ಲೆಕ್ಕದ ಡೋಸನ್ನು ಅಳೆದು ತುಂಬಲಾಗದು. ಅದಕ್ಕೇ ದಪ್ಪ ಲ್ಯಾಕ್ಟೋಸ್ (ಹಾಲಿನ ಸಕ್ಕರೆ) ಕಣಗಳ ಜೊತೆ ಬೆರೆಸುತ್ತಾರೆ. ರೋಗಿ ಜೋರಾಗಿ ಉಸಿರೆಳೆದಾಗ ಔಷಧ ಲ್ಯಾಕ್ಟೋಸ್‌ನಿಂದ ಬಿಡಿಸಿಕೊಳ್ಳಬೇಕು. ಸಿಒಪಿಡಿ (ಉಸಿರುದಾರಿ ಕಿರಿದಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ಬಲಿತವರಿಗೆ ಆ ಎಳೆತವೇ ಕಷ್ಟ. ಈ ವಿಧಾನದಲ್ಲಿ ನನ್ನನ್ನು ಕಾಡುವುದು ಇದೇ.

ಡೋಸ್ ಹತ್ತಾರು ಮಿಲಿಗ್ರಾಂಗೆ ಏರಿದರೆ ಲ್ಯಾಕ್ಟೋಸ್‌ಗೆ ಜಾಗವೇ ಉಳಿಯದು. ಅಲ್ಲಿ ನನ್ನ ಆಯ್ಕೆ ಸ್ಪ್ರೇ ಡ್ರೈಯಿಂಗ್. ಸಿಸ್ಟಿಕ್ ಫೈಬ್ರೋಸಿಸ್ (ಶ್ವಾಸಕೋಶದಲ್ಲಿ ಅಂಟು ಕಫ ಕಟ್ಟುವ ಆನುವಂಶಿಕ ಕಾಯಿಲೆ) ರೋಗಿಗಳಿಗೆ ಕೊಡುವ ಟೋಬ್ರಾಮೈಸಿನ್ ಎಂಬ ಆಂಟಿಬಯಾಟಿಕ್ ಪುಡಿಯನ್ನೇ ನೋಡಿ: ಒಂದು ಹೊತ್ತಿಗೆ 112 ಮಿಲಿಗ್ರಾಂ, ಅಂದರೆ 28 ಮಿಲಿಗ್ರಾಂನ 4 ಕ್ಯಾಪ್ಸೂಲ್. ಔಷಧದ ಎಮಲ್ಷನ್ (ಎಣ್ಣೆಯಂಥ ಹನಿಗಳು ನೀರಿನಲ್ಲಿ ಹರಡಿದ ದ್ರವ) ಸಿಂಪಡಿಸಿ ಬಿಸಿಗಾಳಿಯಲ್ಲಿ ಒಣಗಿಸಿದಾಗ ಕಣಗಳು ಸ್ಪಂಜಿನಂತೆ ತೂತುತೂತಾಗಿ, ಹಗುರವಾಗಿ ಬರುತ್ತವೆ. ತೀರಾ ಜೋರಾಗಿ ಎಳೆಯದಿದ್ದರೂ ಚದುರುತ್ತವೆ. ದ್ರವ ಔಷಧವನ್ನು ಮಂಜಾಗಿಸಿ ಕೊಡುವ ನೆಬ್ಯುಲೈಸರ್ ಮುಂದೆ ಕಾಲು ಗಂಟೆ ಕೂರುವುದು ತಪ್ಪುತ್ತದೆ. ದಿನಕ್ಕೆರಡು ಸಲ ಔಷಧ ತೆಗೆದುಕೊಳ್ಳುವ ಮಗುವಿಗೆ ಇದು ಸಣ್ಣ ವಿಷಯವಲ್ಲ.

ಯಂತ್ರ ದುಬಾರಿ, ಅದು ಸರಿ. ಇನ್ನೊಂದು ಎಚ್ಚರ: ಹೀಗೆ ಬಂದ ಪುಡಿ ಸಾಮಾನ್ಯವಾಗಿ ಹರಳುರೂಪದಲ್ಲಿ ಇರದು, ತೇವ ಬೇಗ ಹೀರುತ್ತದೆ. ಮಂಗಳೂರಿನ ಮಳೆಗಾಲದಂಥ ಹವೆಗೆ ಅಲ್ಯೂಮಿನಿಯಂ ಬ್ಲಿಸ್ಟರ್ ಇಲ್ಲದೆ ಕಳಿಸಲೇಬೇಡಿ.