ಪಿಎಸ್‌ಕೆ31, ಎಫ್‌ಟಿ8: ಯಾವುದರ ಎತ್ತರ ನಿಜಕ್ಕೂ ಕದಲುವುದಿಲ್ಲ?

ಪಿಎಸ್‌ಕೆ31, ಎಫ್‌ಟಿ8 ಎರಡೂ ಹ್ಯಾಮ್ ರೇಡಿಯೊದಲ್ಲಿ ಕಂಪ್ಯೂಟರಿನಿಂದ ಅಕ್ಷರ ಕಳಿಸುವ ವಿಧಾನಗಳು. ಪಿಎಸ್‌ಕೆ ಎಂದರೆ ಅಲೆಯ ಫೇಸ್ (ಏರಿಳಿತದ ಹಂತ) ಬದಲಿಸಿ ಮಾಹಿತಿ ಕಳಿಸುವುದು. ‘ಪಿಎಸ್‌ಕೆಯಲ್ಲಿ ಫೇಸ್ ಮಾತ್ರ ಬದಲಾಗುತ್ತದೆ, ಅಲೆಯ ಎತ್ತರವಲ್ಲ’ ಎಂದು ಬರೆದು ಕಾಲೇಜಿನಲ್ಲಿ ಅಂಕ ಗಿಟ್ಟಿಸಿದ್ದೆ. ಉಡುಪಿಯ ಮಳೆ ಹೊರಗೆ ಕಾಲಿಡಲು ಬಿಡದ ಒಂದು ಭಾನುವಾರ ಆ ಉತ್ತರವನ್ನು ಅಲೆಯ ಆಕಾರ ತೋರಿಸುವ ಆಸಿಲೋಸ್ಕೋಪಿಗೆ ಒಪ್ಪಿಸಿದೆ. ತೆಂಗಿನ ಮರಕ್ಕೆ ಕಟ್ಟಿದ್ದ ಡೈಪೋಲ್ ಆಂಟೆನಾದ ಕೇಬಲನ್ನು ಸಿಡಿಲಿಗೆ ಹೆದರಿ ಕಳಚಿದ್ದರಿಂದ ಪರೀಕ್ಷೆಯೆಲ್ಲ ಆಂಟೆನಾದ ಬದಲು ಶಕ್ತಿಯನ್ನು ಶಾಖವಾಗಿ ಹೀರುವ 50 ಓಮ್‌ನ ಡಮ್ಮಿ ಲೋಡಿನ ಮೇಲೆಯೇ, 14 ಮೆಗಾಹರ್ಟ್ಸ್‌ನಲ್ಲಿ, 5 ವಾಟ್‌ಗೆ.

ಏನೂ ಟೈಪ್ ಮಾಡದೆ ಬಿಟ್ಟರೆ ಪಿಎಸ್‌ಕೆ31 ಸೆಕೆಂಡಿಗೆ 31.25 ಬಾರಿ ಫೇಸ್ ತಿರುಗಿಸುತ್ತಲೇ ಇರುತ್ತದೆ. ಪರದೆಯಲ್ಲಿ ಕಂಡದ್ದು ಮಣಿಸರ: ಪ್ರತಿ 32 ಮಿಲಿಸೆಕೆಂಡಿಗೊಮ್ಮೆ ಸೊನ್ನೆಗಿಳಿದು ಮತ್ತೆ ಉಬ್ಬುವ ಅಲೆ. ಇದು ದೋಷವಲ್ಲ. ಫೇಸನ್ನು ಥಟ್ಟನೆ ತಿರುಗಿಸಿದರೆ ಎತ್ತರ ಉಳಿಯುತ್ತದೆ, ಆದರೆ ಸಿಗ್ನಲ್ ಅಕ್ಕಪಕ್ಕಕ್ಕೆಲ್ಲ ಹರಡುತ್ತದೆ. ಹಾಗಾಗಿ ಇದನ್ನು ರೂಪಿಸಿದ ಪೀಟರ್ ಮಾರ್ಟಿನೆಜ್ ತಿರುವಿನಲ್ಲಿ ಎತ್ತರವನ್ನು ನಯವಾಗಿ ಇಳಿಸಿದರು. ನಾನು ಬರೆದ ಉತ್ತರ ಸುಳ್ಳಲ್ಲ. ಅದು ಹೀಗೆ ನಯಗೊಳಿಸುವ ಫಿಲ್ಟರ್ ಕಾಣದ ಪಿಎಸ್‌ಕೆಗೆ ಸಲ್ಲುವ ಮಾತು.

ಎಫ್‌ಟಿ8ರದ್ದು ಎಂಟು ಸ್ವರ, ನಡುವೆ 6.25 ಹರ್ಟ್ಸ್ ಅಂತರ; ಸ್ವರ ಬದಲಾದರೂ ಫೇಸ್ ಕಡಿಯುವುದಿಲ್ಲ. ಆರಂಭದ ಏರು, ಕೊನೆಯ ಇಳಿಕೆ ಬಿಟ್ಟರೆ ಒಂದು ಸಂದೇಶದ 12.64 ಸೆಕೆಂಡೂ ಮಲ್ಪೆಯ ದಿಗಂತದಷ್ಟು ನೆಟ್ಟಗಿತ್ತು. ಇಷ್ಟಕ್ಕೆ ಬಿಟ್ಟಿದ್ದರೆ ಗೆಲುವು ಅದರದೇ. ಕೈ ಸುಮ್ಮನಿರಲಿಲ್ಲ. ಆಡಿಯೊವನ್ನು 1500 ಹರ್ಟ್ಸ್‌ನಿಂದ ರೇಡಿಯೊದ ಫಿಲ್ಟರಿನ ಅಂಚಿಗೆ, 2700ರ ಹತ್ತಿರಕ್ಕೆ ಸರಿಸಿದೆ. ಫಿಲ್ಟರಿನ ಇಳಿಜಾರಿನಲ್ಲಿ ಮೇಲಿನ ಸ್ವರಗಳು ಕುಗ್ಗಿದವು, ನೆಟ್ಟಗಿದ್ದ ಗೆರೆ ಮೆಟ್ಟಿಲಾಯಿತು.

ನಿಜವಾದ ಮಜಾ ಬಂದದ್ದು ನಾನೇ ಬೆಸುಗೆ ಹಾಕಿ ಕಟ್ಟಿದ ಕ್ಲಾಸ್-ಇ ಆಂಪ್ಲಿಫೈಯರಿನಲ್ಲಿ. ಅದರ ಟ್ರಾನ್ಸಿಸ್ಟರ್ ಸ್ವಿಚ್ಚಿನಂತೆ ಕೆಲಸ ಮಾಡುವುದರಿಂದ ಅಲೆಯ ಎತ್ತರದ ಏರಿಳಿತ ಇದ್ದಂತೆ ದಾಟುವುದಿಲ್ಲ. ರೇಡಿಯೊದ ಶಕ್ತಿಯನ್ನು ಇಳಿಸಿ ಅದಕ್ಕೆ ಕೊಟ್ಟೆ. ಎಫ್‌ಟಿ8 ಹೋದಂತೆಯೇ ಹೊರಬಂತು. ಪಿಎಸ್‌ಕೆ31ರ ಮಣಿಗಳ ತಲೆ ಮಾತ್ರ ಚಪ್ಪಟೆಯಾಯಿತು. ನನ್ನ ಪರೀಕ್ಷೆಯ ಉತ್ತರಕ್ಕೆ ಹತ್ತಿರ ಬಂದಿತು ಎನ್ನಿ! ಪಕ್ಕದ ರಿಸೀವರಿನ ಫ್ರೀಕ್ವೆನ್ಸಿ ಪರದೆಯಲ್ಲಿ ನೋಡಿದರೆ ಎರಡೇ ಇರಬೇಕಾದ ಗೆರೆಗಳ ಇಬ್ಬದಿಗೂ ಮರಿಗೆರೆಗಳ ಸಾಲು.

ಈಗ ಕ್ಲಾಸ್-ಇಗೆ ಎಫ್‌ಟಿ8 ಮಾತ್ರ, ಅದೂ ಆಡಿಯೊ 1500ರ ಆಸುಪಾಸಿನಲ್ಲಿಟ್ಟು. ಪಿಎಸ್‌ಕೆ31ಕ್ಕೆ 100 ವಾಟ್‌ನ ದೊಡ್ಡ ರೇಡಿಯೊವನ್ನು 30ಕ್ಕೆ ಇಳಿಸಿ, ಎಎಲ್‌ಸಿ (ಶಕ್ತಿ ಮಿತಿ ಮೀರದಂತೆ ರೇಡಿಯೊ ತಾನೇ ತಗ್ಗಿಸುವ ವ್ಯವಸ್ಥೆ) ಮುಳ್ಳು ಏಳದಂತೆ ನೋಡಿಕೊಳ್ಳುತ್ತೇನೆ. ಇಷ್ಟು ಉಪದ್ರವ ಯಾಕೆಂದರೆ, ಎಫ್‌ಟಿ8 ಸ್ವಂತ ಮಾತಿಗೆ ಒಮ್ಮೆಗೆ ಕೊಡುವುದು 13 ಅಕ್ಷರ. ಉಡುಪಿಯ ಮಳೆಯ ಕಥೆ ಅಷ್ಟರಲ್ಲಿ ಮುಗಿಯುವುದಿಲ್ಲ.